ಹೊಸ ಇನ್‌ಫ್ಲುಯೆಂಜಾ: ಸುಳಿವು ಸಿಗುವ ಮುನ್ನವೇ ಹರಡುವ ವೈರಸ್

1918ರ ಇನ್‌ಫ್ಲುಯೆಂಜಾ ಸುಮಾರು 5 ಕೋಟಿ ಜನರನ್ನು ಬಲಿ ತೆಗೆದುಕೊಂಡಿತೆಂದು ಅಂದಾಜಿಸಲಾಗಿದೆ. ಆದರೆ ಅದಕ್ಕೆ ಕಾರಣವೇನೆಂಬುದು ರೋಗಿಗಳ ಪಕ್ಕದಲ್ಲೇ ನಿಂತಿದ್ದ ವೈದ್ಯರಿಗೂ ತಿಳಿದಿರಲಿಲ್ಲ. ಜರ್ಮನಿಯ ರಿಚರ್ಡ್ ಫೈಫರ್ 1892ರಲ್ಲಿ ರೋಗಿಗಳ ಕಫದಲ್ಲಿ ಕಂಡ ಒಂದು ಬ್ಯಾಕ್ಟೀರಿಯವೇ ರೋಗದ ಮೂಲವೆಂದು ಹಲವರು ನಂಬಿದ್ದರು. ಅದರ ವಿರುದ್ಧವೇ ಲಸಿಕೆಗಳೂ ತಯಾರಾದವು. ನಿಜವಾದ ಕಾರಣ ಸಿಕ್ಕಿದ್ದು 15 ವರ್ಷಗಳ ನಂತರ, 1933ರಲ್ಲಿ. ರೋಗಿಗಳ ಗಂಟಲು ತೊಳೆದ ನೀರನ್ನು ಬ್ಯಾಕ್ಟೀರಿಯ ದಾಟಲಾರದಂತೆ ಸೋಸಿ, ಫೆರೆಟ್ ಎಂಬ ಪ್ರಾಣಿಗಳ ಮೂಗಿಗೆ ಬಿಟ್ಟಾಗ ಅವುಗಳಿಗೂ ಜ್ವರ ಬಂತು. ಲಂಡನ್ನಿನ ವಿಲ್ಸನ್ ಸ್ಮಿತ್, ಕ್ರಿಸ್ಟೋಫರ್ ಆಂಡ್ರ್ಯೂಸ್ ಮತ್ತು ಪ್ಯಾಟ್ರಿಕ್ ಲೈಡ್ಲಾ ಹೀಗೆ ಮನುಷ್ಯರ ಫ್ಲೂ ವೈರಸ್ಸನ್ನು ಮೊದಲ ಬಾರಿಗೆ ಪತ್ತೆಹಚ್ಚಿದರು.

ಶತ್ರುವಿನ ಪರಿಚಯವಿಲ್ಲದ ಆ ಕಾಲದಲ್ಲೂ ತಡೆಯ ಒಂದು ದಾರಿ ಇತ್ತೆಂಬುದನ್ನು ಅಮೆರಿಕದ ಎರಡು ನಗರಗಳು ತೋರಿಸುತ್ತವೆ. ಸೋಂಕು ಆಗಲೇ ಕಾಲಿಟ್ಟಿದ್ದರೂ ಫಿಲಡೆಲ್ಫಿಯ 1918ರ ಸೆಪ್ಟೆಂಬರ್ 28ರಂದು ಯುದ್ಧಸಾಲ ಸಂಗ್ರಹಕ್ಕಾಗಿ ಭಾರಿ ಮೆರವಣಿಗೆ ನಡೆಸಿತು. ಸೇಂಟ್ ಲೂಯಿಸ್ ಮಾತ್ರ ಮೊದಲ ಪ್ರಕರಣಗಳು ಕಂಡ ಕೆಲವೇ ದಿನಗಳಲ್ಲಿ ಶಾಲೆ, ಚಿತ್ರಮಂದಿರ, ಚರ್ಚುಗಳನ್ನು ಮುಚ್ಚಿಸಿತು. ಸಾವಿನ ಅಲೆ ತುತ್ತತುದಿಯಲ್ಲಿದ್ದಾಗ ಅಲ್ಲಿನ ಮರಣ ಪ್ರಮಾಣ ಫಿಲಡೆಲ್ಫಿಯದ ಸುಮಾರು ಎಂಟನೆಯ ಒಂದು ಭಾಗದಷ್ಟಿತ್ತು. ಗುಂಪು ಸೇರದಿರುವುದು, ಜ್ವರ ಬಂದವರು ಮನೆಯಲ್ಲೇ ಉಳಿಯುವುದು, ಕೈ ತೊಳೆಯುವುದು, ಮುಖಗವಸು ಹಾಕಿಕೊಳ್ಳುವುದು ಇಂದಿಗೂ ಲಸಿಕೆ ಬರುವವರೆಗಿನ ಮುಖ್ಯ ಆಸರೆ. ಇನ್‌ಫ್ಲುಯೆಂಜಾದಲ್ಲಿ ಲಕ್ಷಣ ಕಾಣುವ ಹಿಂದಿನ ದಿನದಿಂದಲೇ ಸೋಂಕು ದಾಟಬಲ್ಲದಾದ್ದರಿಂದ ಈ ಕ್ರಮಗಳ ಬೆಲೆ ಇರುವುದು ಅವನ್ನು ಬೇಗ ಕೈಗೊಂಡಾಗಲೇ.

ಸಾಮಾನ್ಯ ಫ್ಲೂ ವರ್ಷದಿಂದ ವರ್ಷಕ್ಕೆ ಸಣ್ಣಸಣ್ಣ ರೂಪಾಂತರಗಳಿಂದ ಬದಲಾಗುತ್ತದೆ; ಲಸಿಕೆಯನ್ನು ಮತ್ತೆ ಮತ್ತೆ ಪರಿಷ್ಕರಿಸುವುದು ಅದಕ್ಕಾಗಿಯೇ. ಹೊಸ ಇನ್‌ಫ್ಲುಯೆಂಜಾ ಹುಟ್ಟುವ ಬಗೆ ಬೇರೆ. ಈ ವೈರಸ್ಸಿನ ಆನುವಂಶಿಕ ವಸ್ತು ಎಂಟು ಬಿಡಿ ತುಂಡುಗಳಲ್ಲಿರುತ್ತದೆ. ಎರಡು ಭಿನ್ನ ವೈರಸ್‌ಗಳು ಒಂದೇ ಜೀವಕೋಶವನ್ನು ಹೊಕ್ಕರೆ ಆ ತುಂಡುಗಳು ಬೆರೆತು, ಯಾರ ದೇಹವೂ ಹಿಂದೆ ಎದುರಿಸದ ಮೂರನೆಯದೊಂದು ಹೊರಬರಬಹುದು. ಕಾಡಿನ ನೀರುಹಕ್ಕಿಗಳು ಈ ವೈರಸ್‌ಗಳ ಸಹಜ ನೆಲೆ. ಹಕ್ಕಿಗಳ ಮತ್ತು ಮನುಷ್ಯರ ವೈರಸ್‌ಗಳೆರಡಕ್ಕೂ ಅಂಟಿಕೊಳ್ಳುವ ತಾಣ ಹಂದಿಯ ಶ್ವಾಸನಾಳದಲ್ಲಿ ಇರುವುದರಿಂದ ಅದು ಇಂತಹ ಬೆರಕೆಗೆ ಅನುಕೂಲವಾದ ಪ್ರಾಣಿ. 1957ರ ಮತ್ತು 1968ರ ಜಾಗತಿಕ ಪಿಡುಗುಗಳೆರಡೂ ಮನುಷ್ಯರ ವೈರಸ್ಸಿಗೆ ಹಕ್ಕಿಗಳ ವೈರಸ್ಸಿನ ಕೆಲವು ತುಂಡುಗಳು ಸೇರಿ ಉಂಟಾದವು.

ಅರಿವು ಎಷ್ಟು ಚುರುಕಾಗಬಲ್ಲದು ಎಂಬುದಕ್ಕೆ 1957ರಷ್ಟು ಒಳ್ಳೆಯ ನಿದರ್ಶನ ಮತ್ತೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಹಾಂಗ್‌ಕಾಂಗಿನ ಚಿಕಿತ್ಸಾಲಯಗಳಲ್ಲಿ ಜನ ಕಿಕ್ಕಿರಿದಿದ್ದಾರೆಂಬ ಸುದ್ದಿಯನ್ನು ಆ ಏಪ್ರಿಲ್‌ನಲ್ಲಿ ಪತ್ರಿಕೆಯಲ್ಲಿ ಓದಿದ ಅಮೆರಿಕದ ವಿಜ್ಞಾನಿ ಮಾರಿಸ್ ಹಿಲ್ಲೆಮನ್, ಇದು ಹೊಸ ವೈರಸ್ಸೇ ಇರಬೇಕೆಂದು ಊಹಿಸಿ ಅಲ್ಲಿಂದ ಮಾದರಿ ತರಿಸಿಕೊಂಡರು. ಅದರ ವಿರುದ್ಧ ಪ್ರತಿಕಾಯ, ಅಂದರೆ ವೈರಸ್ಸನ್ನು ಎದುರಿಸಲು ದೇಹ ತಯಾರಿಸುವ ರಕ್ಷಕ ವಸ್ತು, ಇದ್ದುದು ಕೆಲವು ವೃದ್ಧರ ರಕ್ತದಲ್ಲಿ ಮಾತ್ರ. ಲಸಿಕೆ ಬೆಳೆಸಲು ಫಲಿತ ಮೊಟ್ಟೆಗಳು ಬೇಕಾಗುವುದರಿಂದ ಹುಂಜಗಳನ್ನು ಕೊಲ್ಲದಂತೆ ಕೋಳಿ ಸಾಕಣೆದಾರರಿಗೆ ಹೇಳುವಷ್ಟು ಮುಂದಾಲೋಚನೆ ಅವರಿಗಿತ್ತು. ಅದೇ ವರ್ಷ ಸುಮಾರು 4 ಕೋಟಿ ಡೋಸ್ ಸಿದ್ಧವಾಯಿತು.

ಹಂದಿಜ್ವರವೆಂದು ಹೆಸರಾದ 2009ರ ಎಚ್‌1ಎನ್‌1 ವೈರಸ್ಸಿನ ಎದುರು ಉಪಕರಣಗಳು ಎಷ್ಟೋ ಮುಂದುವರಿದಿದ್ದವು. ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯದ ಇಬ್ಬರು ಮಕ್ಕಳಲ್ಲಿ ಅದು ಗುರುತಾಯಿತು. ಜೂನ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಜಾಗತಿಕ ಪಿಡುಗನ್ನು ಘೋಷಿಸಿತು. ಆದರೂ ಅಮೆರಿಕದಲ್ಲಿ ಎರಡನೆಯ ಅಲೆ ಅಕ್ಟೋಬರ್‌ನಲ್ಲಿ ತಾರಕಕ್ಕೇರಿದಾಗ ಲಸಿಕೆ ಇನ್ನೂ ಸಾಕಷ್ಟು ಜನರನ್ನು ತಲುಪಿರಲಿಲ್ಲ. ಆ ವೈರಸ್ಸಿನ ಪೂರ್ವಜ ತುಂಡುಗಳು ಹಂದಿಗಳಲ್ಲಿ ವರ್ಷಗಟ್ಟಲೆ ಯಾರ ಗಮನಕ್ಕೂ ಬಾರದೆ ಸುತ್ತಾಡಿದ್ದವೆಂದು ಆನುವಂಶಿಕ ವಿಶ್ಲೇಷಣೆ ಆಮೇಲೆ ತೋರಿಸಿತು. ಪ್ರಯೋಗಾಲಯ ದೃಢಪಡಿಸಿದ ಸಾವುಗಳು 18 ಸಾವಿರದಷ್ಟು. ನಿಜವಾದ ಸಂಖ್ಯೆ ಒಂದೂವರೆ ಲಕ್ಷದಿಂದ ಐದೂಮುಕ್ಕಾಲು ಲಕ್ಷದವರೆಗೆ ಇರಬಹುದೆಂಬುದು ನಂತರದ ಅಂದಾಜು.

ಇನ್ನೊಂದು ಅಡ್ಡಿ ಪ್ರಯೋಗಾಲಯದ ಹೊರಗಿದೆ. 1952ರಿಂದ ವಿಶ್ವ ಆರೋಗ್ಯ ಸಂಸ್ಥೆಯ ಜಾಲವೊಂದು ದೇಶದೇಶಗಳಿಂದ ಫ್ಲೂ ಮಾದರಿಗಳನ್ನು ಸಂಗ್ರಹಿಸುತ್ತ ಬಂದಿದೆ. ಹಕ್ಕಿಜ್ವರದಿಂದ ತತ್ತರಿಸಿದ್ದ ಇಂಡೋನೇಷ್ಯಾ 2007ರಲ್ಲಿ, ತನ್ನ ಮಾದರಿಗಳಿಂದ ತಯಾರಾಗುವ ಲಸಿಕೆ ತನ್ನ ಜನರಿಗೇ ಎಟುಕದೆಂದು ಆಕ್ಷೇಪಿಸಿ ಅವನ್ನು ಹಂಚಿಕೊಳ್ಳಲು ನಿರಾಕರಿಸಿತು. ಆ ಆಕ್ಷೇಪ ನ್ಯಾಯವಾದದ್ದೇ ಆಗಿತ್ತು. ಮಾದರಿ ಪಡೆಯುವ ಕಂಪನಿಗಳು ಲಸಿಕೆ, ಔಷಧ ಅಥವಾ ಹಣದ ರೂಪದಲ್ಲಿ ಪಾಲು ಕೊಡಬೇಕೆಂಬ ಒಪ್ಪಂದದ ಚೌಕಟ್ಟು 2011ರಲ್ಲಿ ರೂಪುಗೊಂಡಿತು.

2024ರ ಮಾರ್ಚ್‌ನಲ್ಲಿ ಎಚ್‌5ಎನ್‌1 ಹಕ್ಕಿಜ್ವರ ಅಮೆರಿಕದ ಹಾಲಿನ ಹಸುಗಳಲ್ಲಿ ಪತ್ತೆಯಾಯಿತು. ಹೈನುಗಾರಿಕೆಯ ಕೆಲಸಗಾರರಿಗೂ ಅದು ತಗುಲಿತು. ಮನುಷ್ಯರಿಂದ ಮನುಷ್ಯರಿಗೆ ಸಲೀಸಾಗಿ ಹರಡುವ ಗುಣ ಅದಕ್ಕಿನ್ನೂ ಬಂದಿರಲಿಲ್ಲ. ಆದರೆ ವೈರಸ್ಸಿನ ಆನುವಂಶಿಕ ಚರಿತ್ರೆ ಹೇಳುವಂತೆ ಅದು ಹಸುಗಳನ್ನು ಹೊಕ್ಕಿದ್ದು 2023ರ ಕೊನೆಯ ಸುಮಾರಿಗೆ. ಹಾಲು ಕಡಿಮೆಯಾದದ್ದನ್ನು ಕಂಡು ಪಶುವೈದ್ಯರು ಪರೀಕ್ಷೆಗೆ ಕಳುಹಿಸುವವರೆಗೆ ಕೆಲವು ತಿಂಗಳು ಯಾರೂ ಅದನ್ನು ಹುಡುಕಿರಲಿಲ್ಲ.