ಒಗ್ಗೋದಿಲ್ಲ ಅಂದರೇನು? ಅಲರ್ಜಿ ಪಾಠದ ಟಿಪ್ಪಣಿ

ಬದನೆಕಾಯಿ ತಿಂದು ಮೈ ತುರಿಸಿದರೆ ನಮ್ಮ ಅಜ್ಜಿ ‘ನಿನಗ ಅದು ಒಗ್ಗೂದಿಲ್ಲ ಬಿಡು’ ಅನ್ನುತ್ತಾಳೆ. ಹಾಲು ಕುಡಿದು ಹೊಟ್ಟೆ ಉಬ್ಬಿದರೂ ಅದೇ ಮಾತು. ಮೆಣಸಿನಕಾಯಿ ಘಾಟಿಗೆ ಸೀನು ಬಂದರೂ ಅದೇ ಮಾತು. ಧಾರವಾಡದ ರೂಮಿನಲ್ಲಿ ಕೂತು ಈ ಪಾಠ ಓದುವಾಗ ನನ್ನನ್ನು ಮೊದಲು ಗೊಂದಲಕ್ಕೆ ಹಾಕಿದ್ದು ಈ ಪದವೇ. ಮೂರಕ್ಕೂ ಒಂದೇ ಹೆಸರು, ಆದರೆ ಒಳಗೆ ನಡೆಯುವುದು ಬೇರೆ ಬೇರೆ.

ಹಾಲಿನದು ಸಾಮಾನ್ಯವಾಗಿ ಹಾಲಿನ ಸಕ್ಕರೆ ಜೀರ್ಣಿಸುವ ಲ್ಯಾಕ್ಟೇಸ್ ಕಿಣ್ವದ ಕೊರತೆ. ಅಲ್ಲಿ ರೋಗನಿರೋಧಕ ವ್ಯವಸ್ಥೆಯ ಪಾತ್ರವೇ ಇಲ್ಲ. ಇನ್ನು ಮೆಣಸಿನಕಾಯಿ. ಒಮ್ಮೆ ಮಾವನ ಜೊತೆ ಬ್ಯಾಡಗಿ ಮಾರುಕಟ್ಟೆಗೆ ಹೋಗಿದ್ದೆ. ಚೀಲ ಸುರುವಿದ ಕೂಡಲೇ ಕೆಂಪು ಧೂಳು ಎದ್ದಿತು. ಹಮಾಲರು ಮೂಗಿಗೆ ಟವೆಲ್ ಸುತ್ತಿಕೊಂಡಿದ್ದರು, ಆದರೂ ಕೆಮ್ಮುತ್ತಿದ್ದರು. ನಾನೂ, ಮಾವನೂ, ಲೆಕ್ಕ ಬರೆಯುವವರೂ ಕೆಮ್ಮಿದೆವು. ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ಆದರೂ ಅದರ ಖಾರದ ಅಂಶವಾದ ಕ್ಯಾಪ್ಸೈಸಿನ್ ನೇರವಾಗಿ ನರಗಳನ್ನೇ ಕೆರಳಿಸುತ್ತದೆ. ಇದು ಕಿರಿಕಿರಿ, ಅಲರ್ಜಿ ಅಲ್ಲ. ನಾನು ಇಟ್ಟುಕೊಂಡ ಗುರುತು ಇಷ್ಟೇ: ಅಲ್ಲಿದ್ದ ಹತ್ತೂ ಮಂದಿ ಸೀನಿದರೆ ಕಿರಿಕಿರಿ, ಒಬ್ಬನೇ ಸೀನಿದರೆ ಅಲರ್ಜಿಯ ಅನುಮಾನ.

ಮೂರರಲ್ಲಿ ಬದನೆಕಾಯಿಯ ತುರಿಕೆ ಮಾತ್ರ ಅಲರ್ಜಿ ಇರಬಹುದು. ಅಲರ್ಜಿಯಲ್ಲಿ ಮೊದಲ ಸಲ ಏನೂ ಆಗುವುದಿಲ್ಲ. ಬಹಳ ಜನ ತಪ್ಪು ಮಾಡುವುದು ಇಲ್ಲೇ. ಪರಾಗವೋ ಶೇಂಗಾ ಪ್ರೋಟೀನೋ ಒಳಗೆ ಬಂದಾಗ ದೇಹ ಸುಮ್ನೆ ಐಜಿಇ ಎಂಬ ಪ್ರತಿಕಾಯ ತಯಾರಿಸಿಕೊಳ್ಳುತ್ತದೆ. ಆ ಐಜಿಇ ಹೋಗಿ ಚರ್ಮ, ಮೂಗು, ಕರುಳಿನಲ್ಲಿರುವ ಮಾಸ್ಟ್ ಕೋಶಗಳೆಂಬ ನಿರೋಧಕ ಕೋಶಗಳ ಮೇಲೆ ಕೂರುತ್ತದೆ. ಮುಂದಿನ ಸಲ ಅದೇ ವಸ್ತು ಬಂದು ತಗುಲಿದರೆ ಕೆಲವೇ ನಿಮಿಷಗಳಲ್ಲಿ ಆ ಕೋಶಗಳು ಹಿಸ್ಟಮಿನ್ ಎಂಬ ರಾಸಾಯನಿಕ ಕಾರುತ್ತವೆ. ಸೀನು, ನೀರು ಸುರಿಯುವ ಮೂಗು, ಪಿತ್ತದ ಗಂಧೆ ಎಲ್ಲ ಅದರಿಂದಲೇ. ‘ಇಷ್ಟು ವರ್ಷ ತಿಂದರೂ ಏನೂ ಆಗಿರಲಿಲ್ಲವಲ್ಲ’ ಎಂಬ ವಾದ ಅದಕ್ಕೇ ನಿಲ್ಲುವುದಿಲ್ಲ. ಐಜಿಇ ಇರುವುದು ಮುಖ್ಯವಾಗಿ ಜಂತುಹುಳದಂಥ ಪರಾವಲಂಬಿಗಳ ವಿರುದ್ಧ ಹೋರಾಡಲು ಎಂದು ವಿಜ್ಞಾನಿಗಳು ಹೇಳುತ್ತಾರೆ.

(ರಸ್ತೆ ಬದಿಯ ಕಾಂಗ್ರೆಸ್ ಕಸ ತಾಗಿ ಚರ್ಮ ಕೆಂಪಗೆ ಒರಟಾಗುತ್ತದಲ್ಲ, ಅದಕ್ಕೆ ಐಜಿಇ ಎಂದು ಬರೆದರೆ ಅಂಕ ಹೋಯಿತು. ಅದು ಟಿ ಕೋಶಗಳೆಂಬ ಬಿಳಿ ರಕ್ತಕಣಗಳ ಕೆಲಸ. ಒಂದೆರಡು ದಿನ ತಡವಾಗಿ ಬರುತ್ತದೆ.)

ಈಗ ಮುಖ್ಯ ಪ್ರಶ್ನೆ: ಈಗಲೇ ಯಾಕೆ ಇಷ್ಟು ಜಾಸ್ತಿ? ‘ನಮ್ಮ ಕಾಲದಾಗ ಇದ್ದಿಲ್ಲ’ ಎಂಬ ಅಜ್ಜಿಯ ಮಾತನ್ನು ನಾನು ಮೊದಲು ನಂಬಿರಲಿಲ್ಲ. ಆಗ ಇದಕ್ಕೆ ಹೆಸರೇ ಗೊತ್ತಿರಲಿಲ್ಲ ಅಷ್ಟೇ ಅಂದುಕೊಂಡಿದ್ದೆ. ಆದರೆ ಅಲರ್ಜಿ ಹೆಚ್ಚಿದ್ದು ನಿಜ. ಎರಡು ತಲೆಮಾರಿನಲ್ಲಿ ಜೀನ್ ಅಷ್ಟು ಬದಲಾಗುವುದಿಲ್ಲ. ಬದಲಾದದ್ದು ಬದುಕು.

1989ರಲ್ಲಿ ಡೇವಿಡ್ ಸ್ಟ್ರಾಚನ್ ಎಂಬ ಸಂಶೋಧಕ, 1958ರ ಮಾರ್ಚ್‌ನ ಒಂದೇ ವಾರದಲ್ಲಿ ಹುಟ್ಟಿದ 17,414 ಬ್ರಿಟಿಷ್ ಮಕ್ಕಳ ದಾಖಲೆ ನೋಡಿದ. ಮನೆಯಲ್ಲಿ ಅಣ್ಣ ಅಕ್ಕಂದಿರು ಜಾಸ್ತಿ ಇದ್ದಷ್ಟೂ ಹೇ ಫೀವರ್ (ಪರಾಗದ ಅಲರ್ಜಿಯಿಂದ ಬರುವ ಸೀನು, ನೆಗಡಿ) ಕಡಿಮೆ ಇತ್ತು. ಚಿಕ್ಕಂದಿನ ಸೋಂಕುಗಳೇ ಕಾಪಾಡಿರಬಹುದು ಎಂದ. ಇದೇ ಹೈಜೀನ್, ಅಂದರೆ ಸ್ವಚ್ಛತೆಯ ಸಿದ್ಧಾಂತ. ಹೆಸರು ಮಾತ್ರ ದಾರಿ ತಪ್ಪಿಸುತ್ತದೆ. ಕೈ ತೊಳೆಯದಿದ್ದರೆ ಅಲರ್ಜಿ ಬರಲ್ಲ ಎಂದು ಕೆಲವರು ಓದಿಕೊಳ್ಳುತ್ತಾರೆ. ಅದು ತಪ್ಪು. ದಡಾರ, ಭೇದಿಗಳು ಯಾರನ್ನೂ ಅಲರ್ಜಿಯಿಂದ ಕಾಪಾಡುವುದಿಲ್ಲ. ಈಗಿನ ತಿಳಿವಳಿಕೆಯಂತೆ ಬೇಕಾದದ್ದು ಮಣ್ಣು, ದನ, ಕರುಳಿನಲ್ಲಿ ಮೊದಲಿನಿಂದ ನಮ್ಮ ಜೊತೆಗಿದ್ದ ನಿರುಪದ್ರವಿ ಜೀವಿಗಳ ಸಹವಾಸ. ಯಾವುದಕ್ಕೆ ಸಿಟ್ಟಾಗಬೇಕು, ಯಾವುದಕ್ಕೆ ಬೇಡ ಎಂದು ನಿರೋಧಕ ವ್ಯವಸ್ಥೆ ಕಲಿಯುವುದು ಅವುಗಳಿಂದ. ಪುಸ್ತಕ ಇದನ್ನು ಸಹಿಷ್ಣುತೆ ಎನ್ನುತ್ತದೆ. ಒಗ್ಗುವುದು ಅಂದರೆ ಸಾಕಿತ್ತು ಅಲ್ವಾ?

ನನಗೆ ಬಹಳ ಹಿಡಿಸಿದ ಉದಾಹರಣೆ 2016ರದು. ಅಮೆರಿಕದಲ್ಲಿ ಆಮಿಶ್, ಹಟರೈಟ್ ಎಂಬ ಎರಡು ರೈತ ಸಮುದಾಯಗಳಿವೆ. ಮೂಲ ಹತ್ತಿರದ್ದು, ಊಟವೂ ಹೆಚ್ಚು ಕಡಿಮೆ ಒಂದೇ. ಆಮಿಶರು ಕುದುರೆಯಿಂದ ಬೇಸಾಯ ಮಾಡುತ್ತಾರೆ, ಕೊಟ್ಟಿಗೆ ಮನೆಯ ಪಕ್ಕದಲ್ಲೇ. ಹಟರೈಟರದು ಯಂತ್ರದ ಬೇಸಾಯ, ಕೊಟ್ಟಿಗೆ ದೂರ. ಆಸ್ತಮಾ ಇದ್ದ ಶಾಲಾಮಕ್ಕಳು ಆಮಿಶರಲ್ಲಿ ಸುಮಾರು ಶೇ 5, ಹಟರೈಟರಲ್ಲಿ ಸುಮಾರು ಶೇ 21. ಆಮಿಶ್ ಮನೆಯ ಧೂಳನ್ನು ಇಲಿಗಳ ಮೂಗಿಗೆ ಹಾಕಿದಾಗ ಅವೂ ಆಸ್ತಮಾದಂಥ ತೊಂದರೆಯಿಂದ ಪಾರಾದವು! ಇದನ್ನು ಓದಿದಾಗ ಗದಗಿನ ಹತ್ತಿರದ ನಮ್ಮ ಹಳೇ ಮನೆ ನೆನಪಾಯಿತು. ಬಾಗಿಲು ದಾಟಿದರೆ ಮೊದಲು ದನ ಕಟ್ಟುವ ಜಾಗ, ಆಮೇಲೆ ಎತ್ತರದ ಪಡಸಾಲೆ. ಅಪ್ಪ ಮಲಗಿ ಬೆಳೆದದ್ದು ಅಲ್ಲಿ. ನಾನು ಹುಟ್ಟುವಷ್ಟರಲ್ಲಿ ಎತ್ತು ಹೋಗಿ ಟ್ರ್ಯಾಕ್ಟರ್ ಬಂದಿತ್ತು.

ಆಹಾರದ ಅಲರ್ಜಿಯಲ್ಲಿ ಇನ್ನೊಂದು ತಿರುವಿದೆ. ಅಲರ್ಜಿಯ ಅಪಾಯ ಇರುವ ಮಕ್ಕಳಿಗೆ 3 ವರ್ಷದವರೆಗೆ ಶೇಂಗಾ ಕೊಡಬೇಡಿ ಎಂದು ಅಮೆರಿಕದ ಮಕ್ಕಳ ವೈದ್ಯರು 2000ದಲ್ಲಿ ಸಲಹೆ ಕೊಟ್ಟಿದ್ದರು. 2015ರಲ್ಲಿ ಬ್ರಿಟನ್ನಿನ ಒಂದು ಪ್ರಯೋಗ ಅದನ್ನು ತಲೆಕೆಳಗು ಮಾಡಿತು. ಅಂಥ 640 ಕೂಸುಗಳಲ್ಲಿ ಶೇಂಗಾ ಬಿಟ್ಟವರಿಗೆ 5ನೇ ವಯಸ್ಸಿಗೆ ಶೇ 17ರಷ್ಟು ಅಲರ್ಜಿ, ತಿಂದವರಿಗೆ ಶೇ 3ರಷ್ಟು. ಕಾರಣ ಹೀಗಿರಬಹುದು: ಬಾಯಿಯಿಂದ ಹೋದದ್ದು ಒಗ್ಗುತ್ತದೆ, ಒಡೆದ ಒಣ ಚರ್ಮದ ಮೂಲಕ ಒಳಬಂದದ್ದು ಶತ್ರುವಾಗುತ್ತದೆ. ಹಾಗಂತ ಕೂಸಿಗೆ ಇಡೀ ಕಾಳು ಕೊಡಬಾರದು, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಮೈಮೇಲೆ ತೀವ್ರ ಎಕ್ಸಿಮಾ (ಚರ್ಮ ಒಣಗಿ ತುರಿಸುವ ಕಾಯಿಲೆ, ಗಜಕರ್ಣವಲ್ಲ) ಇದ್ದರೆ ಮೊದಲು ವೈದ್ಯರನ್ನು ಕೇಳಬೇಕು.

ಕೊನೆಗೆ ನನ್ನದೇ ಸೀನು. ಬೆಳಗ್ಗೆ ಎದ್ದ ಕೂಡಲೇ ಹತ್ತು ಹನ್ನೆರಡು ಸಲ. ನಾನು ಬೈಪಾಸಿನ ಧೂಳನ್ನು ಬೈಯುತ್ತಿದ್ದೆ. ಪರೀಕ್ಷೆಯಲ್ಲಿ ಸಿಕ್ಕಿದ್ದು ಗಾದಿಯೊಳಗಿನ ಡಸ್ಟ್ ಮೈಟ್ ಎಂಬ ಪುಟ್ಟ ಜೀವಿ. ಉದ್ದ ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು. ನಮ್ಮ ಉದುರಿದ ಚರ್ಮ ಅದರ ಊಟ, ಅದರ ಹಿಕ್ಕೆ ನಮ್ಮ ಅಲರ್ಜಿ. ಅದಕ್ಕೆ ತೇವ ಬೇಕು. ಧಾರವಾಡದ ಮಳೆಗಾಲದಲ್ಲಿ ಕಿಟಕಿ ಮುಚ್ಚಿದ ರೂಮು, ಎಂದೂ ಎತ್ತದ ದಪ್ಪ ಗಾದಿ, ಇನ್ನೇನು ಬೇಕು. ಅಜ್ಜಿ ಕೌದಿಯನ್ನು ಒಗೆದು ಹಾಸುಬಂಡೆಯ ಮೇಲೆ ಬಿಸಿಲಿಗೆ ಹರವುತ್ತಿದ್ದಳು. ನನ್ನ ಗಾದಿಯನ್ನು ಮೂರನೇ ಮಹಡಿಯಿಂದ ಟೆರೇಸಿಗೆ ಹೊರಲು ಇಬ್ಬರು ಬೇಕು. ಈ ಭಾನುವಾರ ರೂಮ್‌ಮೇಟ್ ಒಪ್ಪಿದ್ದಾನೆ.