ಖನಿಜ ಕಣ ಬೆರೆಸಿದ ಗ್ಲಾಸ್ ಅಯೊನೊಮರ್ ಸಿಮೆಂಟ್: ಹಾಗೆಂದರೇನು?

ಹುಳುಕು ಹಲ್ಲನ್ನು ಕೊರೆದು ಸ್ವಚ್ಛ ಮಾಡಿದ ಮೇಲೆ ಕುಳಿಗೆ ತುಂಬುವ ವಸ್ತುಗಳಲ್ಲಿ ಗ್ಲಾಸ್ ಅಯೊನೊಮರ್ ಸಿಮೆಂಟ್ ಕೂಡ ಒಂದು. ದಂತವೈದ್ಯರು ಚಿಕ್ಕದಾಗಿ ಜಿಐಸಿ ಅನ್ನುತ್ತಾರೆ. ಇದನ್ನು ರೂಪಿಸಿದವರು ಬ್ರಿಟನ್ನಿನ ಆಲನ್ ವಿಲ್ಸನ್ ಮತ್ತು ಬ್ರಯಾನ್ ಕೆಂಟ್. 1972ರಲ್ಲಿ ಅವರು ಇದನ್ನು ದಂತವೈದ್ಯರಿಗೆ ಪರಿಚಯಿಸಿದರು. ಇದರ ಪುಡಿಗೆ ಇನ್ನೊಂದು ಖನಿಜದ ನುಣ್ಣನೆ ಕಣಗಳನ್ನು ಸೇರಿಸಿದರೆ ಅದು ಖನಿಜ ಕಣ ಬೆರೆಸಿದ ಜಿಐಸಿ. ಆದರೆ ಯಾಕೆ ಸೇರಿಸಬೇಕು?

ಮೊದಲು ಈ ಸಿಮೆಂಟ್ ಗಟ್ಟಿಯಾಗುವ ಬಗೆ ನೋಡೋಣ. ಪುಡಿ ಅಂದರೆ ಅಲ್ಯುಮಿನಿಯಂ, ಸಿಲಿಕಾ, ಕ್ಯಾಲ್ಸಿಯಂ, ಫ್ಲೋರೈಡ್ ಇರುವ ಒಂದು ಬಗೆಯ ಗಾಜು. ದ್ರವ ಅಂದರೆ ನೀರಿನಲ್ಲಿ ಕರಗಿಸಿದ ಪಾಲಿಅಕ್ರಿಲಿಕ್ ಆಮ್ಲ. ಎರಡನ್ನೂ ಕಲಸಿದಾಗ ಆಮ್ಲವು ಗಾಜಿನ ಕಣಗಳ ಮೇಲ್ಮೈಯನ್ನು ತಿನ್ನುತ್ತದೆ. ಹೊರಬಂದ ಕ್ಯಾಲ್ಸಿಯಂ, ಅಲ್ಯುಮಿನಿಯಂ ಅಯಾನುಗಳು ಆಮ್ಲದ ಉದ್ದನೆ ಸರಪಳಿಗಳನ್ನು ಒಂದಕ್ಕೊಂದು ಕಟ್ಟುತ್ತವೆ. ಕ್ಯಾಲ್ಸಿಯಂ ಕೆಲವೇ ನಿಮಿಷಗಳಲ್ಲಿ ಕೆಲಸ ಶುರು ಮಾಡುತ್ತದೆ. ಅಲ್ಯುಮಿನಿಯಂ ನಿಧಾನ, ಅದರ ಕೆಲಸ ಮಾರನೆ ದಿನವೂ ಮುಗಿದಿರುವುದಿಲ್ಲ. ಇದೇ ಆಮ್ಲ ಹಲ್ಲಿನ ಕ್ಯಾಲ್ಸಿಯಂ ಜೊತೆಗೂ ಬೆಸೆಯುವುದರಿಂದ ಬೇರೆ ಅಂಟು ಬೇಕಾಗುವುದಿಲ್ಲ. ಮೇಲಿಂದ ಫ್ಲೋರೈಡ್ ಕೂಡ ಸ್ವಲ್ಪ ಸ್ವಲ್ಪವೇ ಹೊರಬರುತ್ತದೆ.

ಇಷ್ಟೆಲ್ಲ ಒಳ್ಳೆಯ ಗುಣ ಇದ್ದೂ ಒಂದು ಕೊರತೆ ಉಳಿಯಿತು. ಇದು ಬೇಗ ಬಿರುಕು ಬಿಡುತ್ತದೆ, ಸವೆಯುತ್ತದೆ. ಜಗಿಯುವ ಭಾರ ಬೀಳುವ ದವಡೆ ಹಲ್ಲುಗಳಲ್ಲಿ ಇದೇ ದೊಡ್ಡ ತಲೆನೋವು.

1980ರ ದಶಕದಲ್ಲಿ ಬೆಳ್ಳಿ ಬೆರೆಸಿ ನೋಡಿದರು. ಬಣ್ಣ ಬೂದಿಯಾಯಿತು, ಬಲ ಮಾತ್ರ ನಿರೀಕ್ಷಿಸಿದಷ್ಟು ಹೆಚ್ಚಲಿಲ್ಲ. ಹಾಗಾಗಿ ಖನಿಜಗಳ ಕಡೆ ಗಮನ ಹೋಗಿದ್ದು ಸಹಜವೇ.

ಇವುಗಳಲ್ಲಿ ನನಗೆ ಜಾಸ್ತಿ ಕುತೂಹಲ ಹುಟ್ಟಿಸುವುದು ಹೈಡ್ರಾಕ್ಸಿಅಪಟೈಟ್, ಅಂದರೆ ಕ್ಯಾಲ್ಸಿಯಂ, ಫಾಸ್ಫೇಟ್ ಸೇರಿದ ಖನಿಜ. ನಮ್ಮ ಹಲ್ಲಿನ ಎನಾಮಲ್‌ನ ತೂಕದಲ್ಲಿ ಸುಮಾರು 96% ಖನಿಜ, ಅದು ಬಹುಪಾಲು ಇದೇ ಜಾತಿಯದು. ಇದನ್ನು ಸಿಮೆಂಟಿಗೆ ಹಾಕಿದರೆ ಸುಮ್ನೆ ಜಾಗ ತುಂಬಿಕೊಂಡು ಕೂರುವುದಿಲ್ಲ. ಆಮ್ಲ ಇದರ ಮೇಲ್ಮೈಯನ್ನೂ ತಿನ್ನುತ್ತದೆ, ಇಲ್ಲಿಂದಲೂ ಕ್ಯಾಲ್ಸಿಯಂ ಹೊರಬಂದು ಸರಪಳಿಗಳನ್ನು ಹಿಡಿಯುತ್ತದೆ. ಅಂದರೆ ಕಣವೂ ಸಿಮೆಂಟಿನ ಭಾಗವೇ ಆಗಿಬಿಡುತ್ತದೆ. ಜಿರ್ಕೋನಿಯಾ, ಅಂದರೆ ಜಿರ್ಕೋನಿಯಂ ಲೋಹದ ಆಕ್ಸೈಡ್, ಹಾಗಲ್ಲ. ಅದು ಆಮ್ಲಕ್ಕೆ ಜಗ್ಗುವುದಿಲ್ಲ. ಅದರ ಬಲ ಇರುವುದು ಗಡಸುತನದಲ್ಲಿ, ಬಿರುಕಿನ ದಾರಿ ತಪ್ಪಿಸುವುದರಲ್ಲಿ. ಮಾಂಟ್ಮೊರಿಲೊನೈಟ್ ಎಂಬ ಜೇಡಿಮಣ್ಣಿನ ಖನಿಜದಲ್ಲಿ ಸುಮಾರು 1 ನ್ಯಾನೊಮೀಟರ್ ದಪ್ಪದ ಪದರಗಳಿರುತ್ತವೆ. ಅವುಗಳ ನಡುವೆ ಆಮ್ಲದ ಸರಪಳಿಗಳು ನುಗ್ಗಬಲ್ಲವು.

ಇನ್ನೊಂದು ಬಯೋಆಕ್ಟಿವ್ ಗ್ಲಾಸ್. ಇದು ಗಾಜೇ ಹೊರತು ಖನಿಜವಲ್ಲ, ಆದರೂ ಇದೇ ಸಾಲಿನಲ್ಲಿ ಇದರ ಹೆಸರು ಬರುತ್ತದೆ. ಕ್ಯಾಲ್ಸಿಯಂ, ಫಾಸ್ಫೇಟ್ ಬಿಟ್ಟು ಹಲ್ಲಿನ ಖನಿಜದಂಥ ಹೊಸ ಅಪಟೈಟ್ ಪದರ ಮೂಡಲು ನೆರವಾಗುತ್ತದೆ. ಆದರೆ ಇದನ್ನು ಹೆಚ್ಚು ಹಾಕಿದಾಗ ಸಿಮೆಂಟಿನ ಬಲವೇ ಕುಗ್ಗುವುದುಂಟು.

ಹಾಗಾದರೆ ಕಣ ಹೆಚ್ಚಿದಷ್ಟೂ ಗಟ್ಟಿ ಅಂತಲ್ಲ, ಅಲ್ವಾ? ಇರುವ ಆಮ್ಲ ಇಷ್ಟೇ. ಪುಡಿ ಜಾಸ್ತಿಯಾದರೆ ಎಲ್ಲ ಕಣಗಳನ್ನೂ ನೆನೆಸಲು ಅದು ಸಾಲುವುದಿಲ್ಲ. ಮಿಶ್ರಣ ಬಿರುಸಾಗಿ ಒಳಗೆ ಗಾಳಿಗುಳ್ಳೆ ಉಳಿಯುತ್ತದೆ. ನ್ಯಾನೊ ಕಣಗಳಂತೂ ಒಂದಕ್ಕೊಂದು ಅಂಟಿ ಗಂಟಾಗುತ್ತವೆ. ಬಿರುಕು ಆ ಗಂಟಿನಿಂದಲೇ ಶುರುವಾಗಬಹುದು.

ಈ ಬಗ್ಗೆ ವರದಿ ಓದುವಾಗ ಯಾವ ಬಲ ಅಳೆದಿದ್ದಾರೆ ನೋಡಿ. ಚಿಕ್ಕ ಸಿಲಿಂಡರನ್ನು 37 ಡಿಗ್ರಿ ನೀರಿನಲ್ಲಿ ಸುಮಾರು ಒಂದು ದಿನ ಇಟ್ಟು ಒತ್ತಿ ಪುಡಿ ಮಾಡುವುದು ಬಳಕೆಯಲ್ಲಿರುವ ಪರೀಕ್ಷೆ. ಆದರೆ ಬಾಯಿಯಲ್ಲಿ ಫಿಲ್ಲಿಂಗ್ ಹೆಚ್ಚಾಗಿ ಸೋಲುವುದು ಬಾಗುವ, ಸೀಳುವ ಒತ್ತಡಕ್ಕೆ. ಒತ್ತುವ ಬಲದ ಅಂಕಿ ಮಾತ್ರ ಕೊಟ್ಟಿದ್ದರೆ ನಾನು ಅಷ್ಟಾಗಿ ನೆಚ್ಚಿಕೊಳ್ಳುವುದಿಲ್ಲ. ಕಣ ಸೇರಿದ ಮೇಲೂ ಸಿಮೆಂಟ್ ಹಲ್ಲಿಗೆ ಮೊದಲಿನಂತೆ ಅಂಟುತ್ತದೆಯೇ, ಗಟ್ಟಿಯಾಗುವ ಸಮಯ ಏರುಪೇರಾಗಿಲ್ಲವೇ ಅನ್ನುವುದೂ ಆ ವರದಿಯಲ್ಲಿ ಇರಬೇಕು.