ಗುಂಡು ಒಂದೇ, ಮದ್ದು ಮೂರು ಬಗೆ

.22 ಹಾರ್ನೆಟ್, .223 ರೆಮಿಂಗ್ಟನ್, .22-250. ಮೂರೂ ಬಂದೂಕಿನ ತೋಟಾಗಳ ಹೆಸರು. ಮೂರರ ಗುಂಡಿನ ದಪ್ಪವೂ ಸುಮಾರು 5.7 ಮಿಲಿಮೀಟರೇ. ಆದರೆ ಅಮೆರಿಕದಲ್ಲಿ ಖಾಲಿ ಹಿತ್ತಾಳೆ ಕೋಶವನ್ನು ಮನೆಯಲ್ಲೇ ಮತ್ತೆ ತುಂಬಿಕೊಳ್ಳುವ ಗುರಿಕಾರರು ಇವಕ್ಕೆ ಬೇರೆಬೇರೆ ಡಬ್ಬಿಯ ಮದ್ದು ಹುಡುಕುತ್ತಾರೆ. ಕಾರಣ, ಕೋಶದ ಹೊಟ್ಟೆ.

ಹೊಗೆರಹಿತ ಮದ್ದು ಕೋಶದೊಳಗೆ ಸಿಡಿಯುವುದಿಲ್ಲ, ಉರಿಯುತ್ತದೆ; ಒತ್ತಡ ಏರಿದಷ್ಟೂ ಇನ್ನಷ್ಟು ಜೋರಾಗಿ ಉರಿಯುತ್ತದೆ. ಹಾರ್ನೆಟ್‌ನ ಪುಟ್ಟ ಹೊಟ್ಟೆಗೆ ಲಿಲ್ ಗನ್‌ನಂಥ ಚುರುಕು ಮದ್ದು ಸರಿ. ಅದನ್ನೇ .22-250ರ ತುಂಬ ಸುರಿದರೆ ಗುಂಡು ಜಾಗ ಬಿಡುವ ಮೊದಲೇ ಒತ್ತಡ ಮಿತಿಮೀರಿ ಬಂದೂಕೇ ಒಡೆಯುತ್ತದೆ. .223ರ ಒತ್ತಡದ ಮಿತಿ 55,000 ಪಿಎಸ್‌ಐ (ಚದರ ಅಂಗುಲಕ್ಕೆ ಇಷ್ಟು ಪೌಂಡ್ ಎಂಬ ಅಳತೆ). ಕಾರಿನ ಟೈರಿನಲ್ಲಿ ಇರುವುದು ಮೂವತ್ತು ಚಿಲ್ಲರೆ. ಪುಟ್ಟ ಕೋಶಕ್ಕೆ ನಿಧಾನದ ಮದ್ದು ಹಾಕಿದರೆ ಅರೆಬೆಂದ ಕಾಳು ನಳಿಗೆಯ ಬಾಯಲ್ಲಿ ಬೆಂಕಿಯಾಗಿ ಹೋಗುತ್ತದೆ, ಅಷ್ಟೇ. .223ಕ್ಕೆ ನಡುವಿನ ವೇಗದ ಎಚ್4895, ವಾರ್ಗೆಟ್, ಎಚ್335 ಒಗ್ಗುತ್ತವೆ. ಗುಂಡಿನ ತೂಕ ಹೆಚ್ಚಿದಂತೆ ಮದ್ದು ಒಂದು ಮೆಟ್ಟಿಲು ನಿಧಾನವಾಗಬೇಕು.

ಕಾಳಿನ ಆಕಾರವೂ ಸಣ್ಣ ಮಾತಲ್ಲ. ವಾರ್ಗೆಟ್ ಕಡ್ಡಿತುಂಡು, ಎಚ್335 ಸಾಸಿವೆಗಿಂತ ಸಣ್ಣ ಕಾಳು. ಕಿರಿದಾದ ಕೋಶದ ಕತ್ತಿನಲ್ಲಿ ಕಡ್ಡಿಗಳು ಅಡ್ಡಡ್ಡ ಸಿಕ್ಕಿಕೊಳ್ಳುತ್ತವೆ: ಈ ಕೋಶಕ್ಕೆ ಅರ್ಧ ಈಡು, ಮುಂದಿನದಕ್ಕೆ ಒಂದೂವರೆ. ಹಾಗಾಗಿ ಗುಂಡು ಕೂರಿಸುವ ಮೊದಲು ಟಾರ್ಚ್ ಹಿಡಿದು ಎಲ್ಲ ಕೋಶಗಳೊಳಗೂ ಮಟ್ಟ ನೋಡಲೇಬೇಕು. ದುಂಡುಕಾಳು ನೀರಿನಂತೆ ಇಳಿಯುತ್ತದೆ, ಆದರೆ ಸಾಮಾನ್ಯವಾಗಿ ಬಿಸಿಲಿಗೆ ಒತ್ತಡ ಏರಿಸಿಕೊಳ್ಳುತ್ತದೆ. ಚಳಿಗಾಲದಲ್ಲಿ ಗರಿಷ್ಠಕ್ಕೆ ಹೊಂದಿಸಿದ್ದು ಬೇಸಿಗೆಯಲ್ಲಿ ಅತಿಯಾದೀತು. ವಾರ್ಗೆಟ್ ತಾಪಕ್ಕೆ ಅಷ್ಟಾಗಿ ಜಗ್ಗುವುದಿಲ್ಲ.

ಮದ್ದು ಬದಲಿಸುವುದರ ಬೆಲೆ ಅಮೆರಿಕದ ಸೇನೆಗೂ ಗೊತ್ತಿದೆ. 1960ರ ದಶಕದಲ್ಲಿ ಎಂ16 ಬಂದೂಕಿಗೆ ಕಡ್ಡಿಮದ್ದಿನ ಬದಲು ಡಬ್ಲ್ಯೂಸಿ846 ದುಂಡುಮದ್ದು ಬಂತು. ಗುಂಡಿನ ವೇಗಕ್ಕೇನೂ ಕೊರತೆಯಿರಲಿಲ್ಲ. ಆದರೆ ಯಂತ್ರದ ಓಟ ಅಗತ್ಯಕ್ಕಿಂತ ಜೋರಾಯಿತು, ಮದ್ದಿನಲ್ಲಿದ್ದ ಕ್ಯಾಲ್ಸಿಯಂ ಕಾರ್ಬೊನೇಟ್ ಆ ಯಂತ್ರವನ್ನು ಓಡಿಸುವ ಅನಿಲದ ಕೊಳವೆಯಲ್ಲಿ ಕಟ್ಟಿಕೊಂಡಿತು. ವಿಯೆಟ್ನಾಂನಲ್ಲಿ ಬಂದೂಕುಗಳು ಸಿಕ್ಕಿಕೊಂಡದ್ದಕ್ಕೆ ಇದೂ ಒಂದು ಕಾರಣ.

ಮದ್ದಿನ ತೂಕವನ್ನು ಅದರ ತಯಾರಕರ ಕೋಷ್ಟಕದಿಂದಲೇ ತೆಗೆದುಕೊಳ್ಳಬೇಕು, ಅದೂ ಕನಿಷ್ಠದಿಂದ ಶುರು. ಅಳತೆ ಗ್ರೇನ್‌ನಲ್ಲಿ, ಒಂದು ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ. ಪುಟ್ಟ ಕೋಶದಲ್ಲಿ ಅರ್ಧ ಗ್ರೇನ್ ಕೂಡ ದೊಡ್ಡ ಏರಿಕೆಯೇ. ಕೋಶದ ಬುಡದಲ್ಲಿ ಕಿಡಿ ಹೊತ್ತಿಸುವ ಕೇಪು ಚಪ್ಪಟೆಯಾದರೆ, ಕೋಶದ ಹಿಂದೆ ಮುಚ್ಚಿಕೊಳ್ಳುವ ಬೋಲ್ಟ್ ಎತ್ತಲು ಬಿಗಿಯಾದರೆ, ಅಲ್ಲಿಗೇ ನಿಲ್ಲಿಸಬೇಕು. ಐಎಂಆರ್4895, ಎಚ್4895 ಹೆಸರಲ್ಲಿ ಅಣ್ಣತಮ್ಮಂದಿರು. ಒಂದರ ಕೋಷ್ಟಕ ಇನ್ನೊಂದಕ್ಕೆ ಸಲ್ಲದು. ಮೇಜಿನ ಮೇಲೆ ಒಂದೇ ಡಬ್ಬಿ ಇರಲಿ. ತೆರೆದಾಗ ಹುಳಿ ಘಾಟು ಬಂದರೆ, ಕೆಂಪು ಧೂಳು ಕಂಡರೆ ಆ ಮದ್ದು ಕೆಟ್ಟಿದೆ.